ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಿಂದ ಪುಣೆಯ ಪ್ರಭಾತ್‌ವರೆಗೆ: ಸೂಪರ್‌ಹೀರೋಗಳಿಗೂ ಮೊದಲೇ ನ್ಯಾಯದ ಪ್ರಶ್ನೆ ಕೇಳಿದ ವಿ. ಶಾಂತಾರಾಂ

ಕಾನೂನು ಕೈಕೊಟ್ಟಾಗ ನ್ಯಾಯ ಕೊಡಿಸುವವರು ಯಾರು? 2008ರ 'ದಿ ಡಾರ್ಕ್ ನೈಟ್' ಇರಲಿ, 2021ರ ಮಲಯಾಳಂನ 'ಮಿನ್ನಲ್ ಮುರಳಿ' ಇರಲಿ, ನಮ್ಮ ಬೆಂಗಳೂರಿನಲ್ಲೇ ಕಥೆ ನಡೆಯುವ 2025ರ 'ಲೋಕಃ' ಇರಲಿ, ಒಳ್ಳೆಯ ಸೂಪರ್‌ಹೀರೋ ಸಿನಿಮಾಗಳೆಲ್ಲ ಫೈಟು, ಗ್ರಾಫಿಕ್ಸ್‌ಗಳ ನಡುವೆ ಕೇಳುವುದು ಇದೇ ಪ್ರಶ್ನೆ. ಇವು ಮಕ್ಕಳ ಸಿನಿಮಾ ಅಷ್ಟೇ ಎಂದು ತಳ್ಳಿಹಾಕುವವರು ಈಗಲೂ ಇದ್ದಾರೆ. ಆದರೆ ಸಮಾಜದ ಬಗ್ಗೆ, ಪೊಲೀಸರ ಬಗ್ಗೆ, ಕೋರ್ಟಿನ ಬಗ್ಗೆ ನೇರವಾಗಿ ಹೇಳಲಾಗದ್ದನ್ನು ಒಬ್ಬ ಕಾಲ್ಪನಿಕ ಹೀರೋನ ಹೆಗಲಿಗೆ ಹಾಕಿ ಹೇಳುವ ಅಭ್ಯಾಸ ಹಾಲಿವುಡ್‌ನದ್ದಲ್ಲ, ಇತ್ತೀಚಿನದ್ದೂ ಅಲ್ಲ.

1936ರಲ್ಲಿ ಪುಣೆಯಲ್ಲಿ ತಯಾರಾದ ಒಂದು ಸಿನಿಮಾದಲ್ಲಿ, ಕಾನೂನಿನ ಹೆಸರಿನಲ್ಲಿ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಕಡಲ್ಗಳ್ಳರ ನಾಯಕಿಯಾಗುತ್ತಾಳೆ. ಅವಳ ಗುರಿ ರಾಜನ ಖಜಾನೆಯಲ್ಲ, ರಾಜ್ಯದ ನ್ಯಾಯಮಂತ್ರಿ. ಆ ಸಿನಿಮಾ 'ಅಮರ ಜ್ಯೋತಿ'. ನಿರ್ದೇಶಕರು ವಿ. ಶಾಂತಾರಾಂ. ನನ್ನ ವಯಸ್ಸಿನವರಿಗೆ ಈ ಹೆಸರು ಪರಿಚಯವಾಗಿದ್ದು ಬಹುಶಃ 2017ರ ಗೂಗಲ್ ಡೂಡಲ್‌ನಿಂದ. ನಮ್ಮ ಅಜ್ಜಿಯರ ಕಾಲದವರಿಗೆ 'ಝನಕ್ ಝನಕ್ ಪಾಯಲ್ ಬಾಜೆ', 'ದೋ ಆಂಖೇ ಬಾರಹ್ ಹಾಥ್' ಅಂದರೆ ಸಾಕು. ಈ ಮನುಷ್ಯ ಸಿನಿಮಾದ ಬಾಗಿಲು ಕಂಡಿದ್ದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಹುಬ್ಬಳ್ಳಿಯ ತಗಡಿನ ಶೆಡ್

ಶಾಂತಾರಾಂ ರಾಜಾರಾಂ ವಣಕುದ್ರೆ ಹುಟ್ಟಿದ್ದು 1901ರ ನವೆಂಬರ್ 18ರಂದು, ಕೊಲ್ಹಾಪುರದಲ್ಲಿ. ತಂದೆ ಜೈನರು, ತಾಯಿ ಹಿಂದೂ. ಮನೆಯಲ್ಲಿ ಬಡತನ. ಶಾಲೆ ಹೆಚ್ಚು ದೂರ ಸಾಗಲಿಲ್ಲ. ಹುಡುಗನಾಗಿದ್ದಾಗಲೇ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿ ಸೇರಿ ಸ್ವಲ್ಪ ಕಾಲ ಬಣ್ಣ ಹಚ್ಚಿದ್ದರು. ಅದು ಮರಾಠಿ ನಾಟಕ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಕ್ಯಾಂಪ್ ಹಾಕುತ್ತಿದ್ದ ಕಾಲ. ಆ ಊರುಗಳೆಲ್ಲ ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು, ಎರಡು ಭಾಷೆಗಳ ನಡುವೆ ಈಗಿನಷ್ಟು ಬೇಲಿಯೂ ಇರಲಿಲ್ಲ.

ಹೊಟ್ಟೆಪಾಡಿಗಾಗಿ ಕುಟುಂಬ ಹುಬ್ಬಳ್ಳಿಗೆ ಬಂತು. ಹದಿಹರೆಯದ ಶಾಂತಾರಾಂ ಅಲ್ಲಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೆಲಸಕ್ಕೆ ಸೇರಿದರು. ಜೊತೆಗೆ ತಗಡಿನ ಶೆಡ್ಡಿನಲ್ಲಿ ನಡೆಯುತ್ತಿದ್ದ ಒಂದು ಚಿತ್ರಮಂದಿರದಲ್ಲಿ ಬಾಗಿಲು ಕಾಯುವ ಕೆಲಸ. ಬೋರ್ಡ್ ಬರೆಯುವುದನ್ನೂ ಕಲಿತರು. ದಾದಾಸಾಹೇಬ್ ಫಾಲ್ಕೆಯವರ ಪೌರಾಣಿಕ ಮೂಕಿ ಚಿತ್ರಗಳ ಕಾಲ ಅದು. ಹಗಲು ಕಬ್ಬಿಣ, ರಾತ್ರಿ ಪರದೆ. ಮುಂದೆ ಸ್ಟುಡಿಯೊದಲ್ಲಿ ಕ್ಯಾಮೆರಾ, ಸೆಟ್, ಲ್ಯಾಬ್ ಯಾವುದರ ಕೆಲಸವನ್ನಾದರೂ ಕೈಯಾರೆ ಮಾಡಬಲ್ಲವರಾಗಿದ್ದಕ್ಕೆ ಈ ವರ್ಕ್‌ಶಾಪ್ ದಿನಗಳೂ ಕಾರಣ ಎಂದು ನನಗನ್ನಿಸುತ್ತದೆ.

1920ರ ಹೊತ್ತಿಗೆ ಕೊಲ್ಹಾಪುರಕ್ಕೆ ಮರಳಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಸೇರಿದರು. ಅಲ್ಲಿ ಅವರು ಎಲ್ಲದಕ್ಕೂ ಆಳು. 'ಸುರೇಖಾ ಹರಣ'ದಲ್ಲಿ (1921) ಕೃಷ್ಣನಾದರು. ಆದರೆ ಅವರ ಮೇಲೆ ಅಚ್ಚೊತ್ತಿದ ಪಾತ್ರ ಕಿರೀಟದ್ದಲ್ಲ. 1925ರ 'ಸಾವಕಾರಿ ಪಾಶ್'ನಲ್ಲಿ ಅವರು ಸಾಹುಕಾರನ ಕೈಗೆ ಸಿಕ್ಕಿ ಹೊಲ ಕಳೆದುಕೊಂಡು ಪಟ್ಟಣದ ಗಿರಣಿ ಸೇರುವ ಯುವ ರೈತ. ಭಾರತದ ಮೊದಲ ವಾಸ್ತವವಾದಿ ಚಿತ್ರಗಳ ಸಾಲಿನಲ್ಲಿ ಈಗಲೂ ಅದರ ಹೆಸರು ಬರುತ್ತದೆ. ದೇವರು ಬಂದು ಸಾಲ ತೀರಿಸದ ಕಥೆ ಅದು.

ಕಿರೀಟ ಕಳಚುವ ಕಥೆಗಳು

1929ರ ಜೂನ್ 1ರಂದು ಶಾಂತಾರಾಂ, ವಿಷ್ಣುಪಂತ ದಾಮ್ಲೆ, ಶೇಖ್ ಫತ್ತೇಲಾಲ್, ಕೇಶವರಾವ್ ಧಾಯಬರ್ ಮತ್ತು ಹಣ ಹೂಡಿದ ಸೀತಾರಾಮಪಂತ ಕುಲಕರ್ಣಿ, ಈ ಐವರು ಸೇರಿ ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಆರಂಭಿಸಿದರು. ಉಪ್ಪಿನ ಸತ್ಯಾಗ್ರಹದ ವರ್ಷವಾದ 1930ರಲ್ಲಿ ಶಿವಾಜಿಯ ಕುರಿತು ಚಿತ್ರ ಮಾಡಿ, ಶೀರ್ಷಿಕೆಯಲ್ಲಿ ಸ್ವರಾಜ್ಯ ಎಂಬ ಪದ ಇಟ್ಟರು. ಬ್ರಿಟಿಷ್ ಸೆನ್ಸಾರ್ ಸುಮ್ಮನಿರುತ್ತದೆಯೇ? ಹೆಸರು 'ಉದಯಕಾಲ್' ಎಂದು ಬದಲಾಯಿತು. ಶಿವಾಜಿಯ ಪಾತ್ರದಲ್ಲಿ ಸ್ವತಃ ಶಾಂತಾರಾಂ. ಹಳೆಯ ವೀರನ ವೇಷದಲ್ಲಿ ಇಂದಿನ ರಾಜಕೀಯ ಹೇಳುವ ಪಾಠ ಅವರಿಗೆ ಅಲ್ಲೇ ಸಿಕ್ಕಿರಬೇಕು.

1932ರಲ್ಲಿ ಅವರು ನಿರ್ದೇಶಿಸಿದ 'ಅಯೋಧ್ಯೇಚಾ ರಾಜಾ' ಮರಾಠಿಯ ಮೊದಲ ಟಾಕಿ. ಕಥೆ ಹರಿಶ್ಚಂದ್ರನದು. ಎಲ್ಲವೂ ಇದ್ದ ರಾಜ ಒಂದೊಂದನ್ನೇ ಕಳೆದುಕೊಂಡು ಸುಡುಗಾಡು ಕಾಯುವವನಾಗುವ ಕಥೆ ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಶಾಂತಾರಾಂ ಅವರ ಮುಂದಿನ 40 ವರ್ಷಗಳ ಸಿನಿಮಾಗಳನ್ನು ಸಾಲಾಗಿ ಇಟ್ಟು ನೋಡಿದರೆ ಅಲ್ಲೂ ಇದೇ ನಡೆಯುತ್ತದೆ. ಹೀರೋನ ಕೈಯಿಂದ ಮೊದಲು ಪವಾಡ ಹೋಗುತ್ತದೆ, ಆಮೇಲೆ ಕತ್ತಿ, ಆಮೇಲೆ ಅಧಿಕಾರ. ಒಂದೊಂದು ಹೋದಾಗಲೂ ನ್ಯಾಯದ ಪ್ರಶ್ನೆ ಇನ್ನಷ್ಟು ಕಷ್ಟದ್ದಾಗುತ್ತದೆ. ಆ ತಿರುವು ನಡೆದ ಊರು ಪುಣೆ.

1933ರಲ್ಲಿ ಪ್ರಭಾತ್ ಪುಣೆಗೆ ಬಂತು. ಅದಾದ ಸ್ವಲ್ಪ ದಿನಗಳಲ್ಲೇ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'ದ ತಂಡ ಚಿತ್ರೀಕರಣಕ್ಕೆ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊಗೆ ಹೋಯಿತು. 1934ರ ಮಾರ್ಚ್ 3ರಂದು ಅದು ತೆರೆಕಂಡಾಗ ಶಾಂತಾರಾಂ ಪುಣೆಯಲ್ಲಿ ತಮ್ಮ ಹೊಸ ಸ್ಟುಡಿಯೊದ ಮೊದಲ ಚಿತ್ರದಲ್ಲಿ ಮುಳುಗಿದ್ದರು. ಆ ಚಿತ್ರ 'ಅಮೃತ ಮಂಥನ'. ನರಬಲಿ, ಪ್ರಾಣಿಬಲಿ ನಿಲ್ಲಿಸುವ ರಾಜ ಒಂದು ಕಡೆ, ಅವನನ್ನೇ ಕೊಲ್ಲಿಸುವ ರಾಜಗುರು ಇನ್ನೊಂದು ಕಡೆ. ಶಾಂತಾರಾಂ ಅದಕ್ಕೂ ಮೊದಲು ಜರ್ಮನಿಗೆ ಹೋಗಿ ಅಲ್ಲಿನ ಸ್ಟುಡಿಯೊ ಕೆಲಸ ಕಂಡು ಬಂದಿದ್ದರು. ರಾಜಗುರುವಾಗಿ ನಟಿಸಿದ ಚಂದ್ರಮೋಹನ್ ಅವರ ಕಣ್ಣಿನ ಕ್ಲೋಸಪ್ ಈಗ ನೋಡಿದರೂ ಬೆನ್ನಲ್ಲಿ ಚಳಿ ಹುಟ್ಟಿಸುತ್ತದೆ.

ಮರುವರ್ಷ ಸಂತ ಏಕನಾಥರ ಕುರಿತ ಚಿತ್ರ. ದಲಿತರ ಮನೆಯಲ್ಲಿ ಊಟ ಮಾಡಿದ ಸಂತನ ಪಾತ್ರಕ್ಕೆ ಬಾಲಗಂಧರ್ವರೇ ಬಂದರು, ಹಿಂದೊಮ್ಮೆ ಇದೇ ಶಾಂತಾರಾಂ ಹುಡುಗನಾಗಿ ಕೆಲಸ ಮಾಡಿದ ಕಂಪನಿಯ ಯಜಮಾನರು. ಚಿತ್ರಕ್ಕೆ 'ಮಹಾತ್ಮಾ' ಎಂದು ಹೆಸರಿಟ್ಟಿದ್ದರು. ಗಾಂಧಿಯ ನೆನಪು ಬರುತ್ತದೆ ಎಂದು ಸೆನ್ಸಾರ್ ತಡೆಯಿತು, 'ಧರ್ಮಾತ್ಮಾ' ಆಯಿತು.

ನ್ಯಾಯಮಂತ್ರಿಯನ್ನೇ ಸೆರೆಹಿಡಿದವಳು

ಈಗ 'ಅಮರ ಜ್ಯೋತಿ'ಗೆ ಬರೋಣ. ಸೌದಾಮಿನಿಗೆ ಗಂಡನಿಂದ ಬಿಡುಗಡೆ ಬೇಕು, ಮಗ ತನ್ನ ಬಳಿ ಇರಬೇಕು. ರಾಜ್ಯದ ಕಾನೂನಿನ ಪ್ರಕಾರ ಹೆಂಡತಿ ಗಂಡನ ಸೊತ್ತು, ಮಗುವೂ ಅವನದ್ದೇ. ನ್ಯಾಯಮಂತ್ರಿ ದುರ್ಜಯ ಅದನ್ನೇ ಅವಳಿಗೆ ಹೇಳುತ್ತಾನೆ. ಅಲ್ಲಿಂದ ಅವಳು ಸಮುದ್ರಕ್ಕಿಳಿಯುತ್ತಾಳೆ. ಹಡಗು, ಬಂಡುಕೋರರ ಪಡೆ, ಕೈಯಲ್ಲಿ ಕತ್ತಿ. ರಾಜಮನೆತನದ ಹಡಗಿನ ಮೇಲೆ ದಾಳಿ ಮಾಡಿ ದುರ್ಜಯನನ್ನು ಸೆರೆಹಿಡಿಯುತ್ತಾಳೆ. ದುರ್ಗಾ ಖೋಟೆ ಸೌದಾಮಿನಿ, ಚಂದ್ರಮೋಹನ್ ದುರ್ಜಯ, ರಾಜಕುಮಾರಿಯಾಗಿ ಶಾಂತಾ ಆಪ್ಟೆ.

ಇದರ ಹಿಂದಿನ ವರ್ಷ, 1935ರಲ್ಲಿ, ಮುಂಬೈನ ವಾಡಿಯಾ ಮೂವಿಟೋನ್ 'ಹಂಟರ್‌ವಾಲಿ' ಬಿಡುಗಡೆ ಮಾಡಿತ್ತು. ಮುಖವಾಡ, ಚಾಟಿ, ಕುದುರೆ ಸವಾರಿ, ಬಡವರ ಪರ ನಿಲ್ಲುವ ರಾಜಕುಮಾರಿ. ಫಿಯರ್‌ಲೆಸ್ ನಾಡಿಯಾ ರಾತ್ರೋರಾತ್ರಿ ಸ್ಟಾರ್ ಆದರು. ಅಮೆರಿಕದಲ್ಲಿ ಸೂಪರ್‌ಮ್ಯಾನ್ ಕಾಮಿಕ್ಸ್ ಬಂದಿದ್ದು 1938ರಲ್ಲಿ ಎಂಬುದನ್ನು ನೆನಪಿಟ್ಟುಕೊಳ್ಳಿ. ಅಷ್ಟರಲ್ಲಾಗಲೇ ನಮ್ಮಲ್ಲಿ ಇಬ್ಬರು ಹೆಂಗಸರು ತೆರೆಯ ಮೇಲೆ ವ್ಯವಸ್ಥೆಯ ವಿರುದ್ಧ ಬಡಿದಾಡಿ ಆಗಿತ್ತು.

ನಾಡಿಯಾ ಚಿತ್ರದಲ್ಲಿ ಕೆಟ್ಟವನೊಬ್ಬ ಇರುತ್ತಾನೆ, ಅವನು ಸೋತರೆ ರಾಜ್ಯ ಸರಿಹೋಗುತ್ತದೆ. ಸೌದಾಮಿನಿಗೆ ಎದುರಾಗುವುದು ಕಾನೂನು. ದುರ್ಜಯ ಸೆರೆಯಾದರೂ ಕಾನೂನು ಸೆರೆಯಾಗುವುದಿಲ್ಲ. ಸೇಡು ತೀರಿಸಿಕೊಳ್ಳುತ್ತಾ ಹೋದಂತೆ ಅವಳ ಮನಸ್ಸೂ ಕಲ್ಲಾಗುತ್ತದೆ, ಕಳೆದುಹೋದ ಮಗ ಎದುರಿಗೆ ಬಂದಾಗ ಆ ಕಲ್ಲಿಗೆ ಪೆಟ್ಟು ಬೀಳುತ್ತದೆ. ಬಲ ಇದ್ದವರ ಕೈಯಲ್ಲಿ ಸೇಡು ಯಾವಾಗ ನ್ಯಾಯವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬ ಇವತ್ತಿನ ಬ್ಯಾಟ್‌ಮ್ಯಾನ್ ಚರ್ಚೆ ಅಲ್ಲಿ ಪೂರ್ತಿ ಇದೆ. ಸಿನಿಮಾ ಕೊನೆಯಲ್ಲಿ ಪ್ರೇಮಕಥೆಯ ಕಡೆ ಜಾರಿ ಸ್ವಲ್ಪ ಸಡಿಲವಾಗುತ್ತದೆ, ಅದು ಬೇರೆ ಮಾತು.

ಅದೇ 1936ರಲ್ಲಿ ಪ್ರಭಾತ್‌ನ ಇನ್ನೊಂದು ಚಿತ್ರ, ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶನದ 'ಸಂತ ತುಕಾರಾಂ' ತೆರೆಕಂಡಿತು. ಪವಾಡಗಳಿಂದಲೇ ನ್ಯಾಯ ದೊರಕುವ ಆ ಚಿತ್ರ ಮುಂಬೈನಲ್ಲಿ ವರ್ಷಕ್ಕೂ ಹೆಚ್ಚು ಓಡಿತು, 1937ರ ವೆನಿಸ್ ಚಿತ್ರೋತ್ಸವದಲ್ಲಿ ಜಗತ್ತಿನ ಮೂರು ಉತ್ತಮ ಚಿತ್ರಗಳಲ್ಲಿ ಒಂದೆನಿಸಿತು. ಪವಾಡಕ್ಕೆ ಮಾರುಕಟ್ಟೆ ಎಷ್ಟಿದೆ ಎಂಬುದು ಶಾಂತಾರಾಂ ಅವರ ಕಣ್ಣೆದುರೇ ಇತ್ತು. ಅವರು ಮುಂದಿನ ಚಿತ್ರಕ್ಕೆ ಆರಿಸಿಕೊಂಡಿದ್ದು ಪವಾಡವೂ ಇಲ್ಲದ, ಕತ್ತಿಯೂ ಇಲ್ಲದ, ತಾಳಿ ಕಟ್ಟಿಸಿಕೊಂಡ ಒಬ್ಬ ಹುಡುಗಿಯನ್ನು.

ಒಲ್ಲೆ ಅಂದವಳು

'ಕುಂಕೂ' (1937), ಹಿಂದಿಯಲ್ಲಿ 'ದುನಿಯಾ ನ ಮಾನೆ'. ನಾರಾಯಣ ಹರಿ ಆಪ್ಟೆ ಅವರ ಕಾದಂಬರಿ ಆಧರಿಸಿದ್ದು. ಸಾಕಿದ ಸಂಬಂಧಿಕರೇ ಮೋಸ ಮಾಡಿ ನೀರಾಳನ್ನು ಮುದುಕ ವಿಧುರನಿಗೆ ಮದುವೆ ಮಾಡಿಕೊಡುತ್ತಾರೆ. ಆ ಮುದುಕನ ವೃತ್ತಿ ಗಮನಿಸಿ: ವಕೀಲ. ಅವಳು ಓಡಿಹೋಗುವುದಿಲ್ಲ, ಕೆರೆಗೆ ಹಾರುವುದಿಲ್ಲ. ಅದೇ ಮನೆಯಲ್ಲಿದ್ದುಕೊಂಡು ಅವನ ಹೆಂಡತಿಯಾಗಲು ಒಲ್ಲೆ ಅನ್ನುತ್ತಾಳೆ, ಅಷ್ಟೇ. ಕೆಟ್ಟ ಕಣ್ಣು ಹಾಕಿದ ಮಲಮಗನಿಗೆ ಬೆತ್ತದ ರುಚಿ ತೋರಿಸುತ್ತಾಳೆ. ಮನೆಯ ಮಗಳು, ಸಮಾಜ ಸೇವಕಿ, ಅವಳ ಪರ ನಿಲ್ಲುತ್ತಾಳೆ. ಆ ಪಾತ್ರ ಮಾಡಿದ ಶಕುಂತಲಾ ಪರಾಂಜಪೆ ನಿಜ ಜೀವನದಲ್ಲೂ ಕುಟುಂಬ ಯೋಜನೆಯ ಪರ ದುಡಿದವರು, ಮುಂದೆ ರಾಜ್ಯಸಭೆಯ ಸದಸ್ಯೆಯಾದವರು.

ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಬಾಗಿಲು, ಪಾತ್ರೆ, ಗಡಿಯಾರದ ಟಿಕ್‌ಟಿಕ್ ಇವೇ ಸದ್ದು. ಮುದುಕನ ಗೋಡೆ ಗಡಿಯಾರ ಒಂದು ಪಾತ್ರವೇ ಆಗಿದೆ. ನನಗೆ ಈ ಸಿನಿಮಾ ತೋರಿಸಿದ್ದು ಪತ್ರಿಕೋದ್ಯಮ ತರಗತಿಯಲ್ಲಿ, ಕಪ್ಪು-ಬಿಳುಪು ಅಂತ ಹಿಂದಿನ ಬೆಂಚಿನಲ್ಲಿ ಮೊಬೈಲ್ ತೆಗೆದವರು ಅರ್ಧ ಗಂಟೆಯಲ್ಲಿ ಒಳಗಿಟ್ಟಿದ್ದರು.

ಆಗಿನ ಕಾನೂನು ಏನಿತ್ತು ಎಂಬುದನ್ನೂ ನೋಡಬೇಕು. 1929ರ ಶಾರದಾ ಕಾಯ್ದೆ ಬಾಲಕಿಯರ ಮದುವೆಗೆ 14ರ ಮಿತಿ ಹಾಕಿತ್ತು. ಆದರೆ ವರನ ಮುಪ್ಪಿಗೆ ಮಿತಿ ಇರಲಿಲ್ಲ. ಹಿಂದೂ ಹೆಣ್ಣಿಗೆ ವಿಚ್ಛೇದನ ಕೊಡುವ ಕಾಯ್ದೆ ಮುಂಬೈ ಪ್ರಾಂತ್ಯದಲ್ಲಿ ಬಂದಿದ್ದು 1947ರಲ್ಲಿ, ಅಂದರೆ ಸಿನಿಮಾ ಬಂದು 10 ವರ್ಷದ ಮೇಲೆ. ವಿಧವಾ ವಿವಾಹ ಮಾತ್ರ 1856ರಿಂದಲೇ ಕಾನೂನುಬದ್ಧ. ಹಾಗಾಗಿ ನೀರಾಳಿಗೆ ಬಿಡುಗಡೆ ಸಿಗಬೇಕಾದರೆ ಇದ್ದದ್ದು ಒಂದೇ ದಾರಿ, ಗಂಡನ ಸಾವು. ಕೊನೆಗೆ ವಕೀಲ ತನ್ನ ತಪ್ಪು ಅರಿತು, ಅವಳು ಮತ್ತೆ ಮದುವೆಯಾಗಲಿ ಎಂದು ಪತ್ರ ಬರೆದಿಟ್ಟು ಜೀವ ಕಳೆದುಕೊಳ್ಳುತ್ತಾನೆ. ಒಬ್ಬ ಹೆಣ್ಣು ಸ್ವತಂತ್ರಳಾಗಲು ಗಂಡಸೊಬ್ಬ ದೊಡ್ಡ ಮನಸ್ಸು ಮಾಡಿ ಸಾಯಬೇಕಾಯಿತಲ್ಲ ಎಂದು ಇವತ್ತು ಟೀಕಿಸಬಹುದು. ನನಗೂ ಆ ಅಂತ್ಯ ಒಪ್ಪಿಗೆಯಾಗುವುದಿಲ್ಲ. ಆದರೆ ಆ ದಿನದ ಕಾನೂನಿನಲ್ಲಿ ಬೇರೆ ಅಂತ್ಯಕ್ಕೆ ಜಾಗವೇ ಇರಲಿಲ್ಲ ಎಂಬುದೂ ನಿಜ.

ನೀರಾ ಆಗಿ ನಟಿಸಿದ್ದು ಶಾಂತಾ ಆಪ್ಟೆ. ಎರಡು ವರ್ಷಗಳ ಬಳಿಕ, 1939ರಲ್ಲಿ, ಒಪ್ಪಂದ ಮತ್ತು ಸಂಬಳದ ವಿವಾದದಲ್ಲಿ ಅವರು ಪ್ರಭಾತ್ ಸ್ಟುಡಿಯೊದ ಗೇಟಿನ ಮುಂದೆ ಉಪವಾಸ ಕುಳಿತರು. ಒಳಗೆ ಯಾವ ಪಾತ್ರವನ್ನು ಮಾಡಿ ದೇಶವೆಲ್ಲ ಹೆಸರಾದರೋ ಅದೇ ಪಾತ್ರ ಈಗ ಗೇಟಿನ ಹೊರಗೆ! ಸಿನಿಮಾ ಉದ್ಯಮ ನಟಿಯರನ್ನು ದುಡಿಸಿಕೊಳ್ಳುವ ರೀತಿಯ ಬಗ್ಗೆ ಅವರು 1940ರಲ್ಲಿ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ತೆರೆಯ ಮೇಲೆ ಅನ್ಯಾಯ ಪ್ರಶ್ನಿಸುವ ಕಂಪನಿ ತನ್ನದೇ ಸಂಬಳದ ಪಟ್ಟಿಯ ಮುಂದೆ ಪರೀಕ್ಷೆಗೆ ನಿಂತ ಗಳಿಗೆ ಅದು. ಪ್ರಭಾತ್‌ನ ಕೀರ್ತಿ ಹಾಡುವ ಬರಹಗಳು ಈ ಘಟನೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಪೊಲೀಸ್ ಪೇದೆ ಮತ್ತು ಅದರಗುಂಚಿಯ ಹುಡುಗಿ

ಅದೇ 1939ರ 'ಮಾಣೂಸ್' (ಹಿಂದಿಯಲ್ಲಿ 'ಆದ್ಮಿ') ಶಾಂತಾರಾಂ ಅವರ ಚಿತ್ರಗಳಲ್ಲೇ ನನಗೆ ಹೆಚ್ಚು ಇಷ್ಟವಾದದ್ದು. ಗಣಪತ್ ಒಬ್ಬ ಪೊಲೀಸ್ ಪೇದೆ. ದಾಳಿಗೆ ಹೋದಾಗ ಸಿಕ್ಕಿದ ವೇಶ್ಯೆ ಮೈನಾಳನ್ನು ಹಿಡಿಯದೆ ಬಿಡುತ್ತಾನೆ, ಪ್ರೀತಿಸುತ್ತಾನೆ, ಮದುವೆಯಾಗಿ ಮನೆಗೆ ಕರೆದೊಯ್ಯಬೇಕೆಂದು ಬಯಸುತ್ತಾನೆ. ಸಮವಸ್ತ್ರ ಇದೆ, ಲಾಠಿ ಇದೆ, ಒಳ್ಳೆಯ ಮನಸ್ಸಿದೆ. ಆದರೂ ಅವಳನ್ನು ಉಳಿಸಿಕೊಳ್ಳಲು ಅವನ ಕೈಲಾಗುವುದಿಲ್ಲ. ಮೈನಾ ತನ್ನನ್ನು ಕಾಡುವ ಮಾವನನ್ನು ಕೊಂದು ಜೈಲು ಸೇರುತ್ತಾಳೆ, ಗಣಪತ್‌ನ ಸಹಾಯವನ್ನೂ ಬೇಡವೆನ್ನುತ್ತಾಳೆ. ಅವನು ದೇವದಾಸನ ಹಾಗೆ ಕುಡಿದು ಸಾಯುವುದಿಲ್ಲ, ಮರಳಿ ಡ್ಯೂಟಿಗೆ ಹೋಗುತ್ತಾನೆ. ಆಗ ದೇಶವೆಲ್ಲ 'ದೇವದಾಸ್' ಗುಂಗಿನಲ್ಲಿತ್ತು, ಶಾಂತಾರಾಂ ಬೇಕೆಂದೇ ಅದಕ್ಕೆ ಉತ್ತರ ಕೊಟ್ಟರು. ನಡುವೆ ಆಗಿನ ಜನಪ್ರಿಯ ಪ್ರೇಮ ದೃಶ್ಯಗಳನ್ನು ಗೇಲಿ ಮಾಡುವ ಒಂದು ಭಾಗವೂ ಇದೆ.

ಮೈನಾ ಪಾತ್ರದಲ್ಲಿದ್ದವರು ಶಾಂತಾ ಹುಬ್ಳೀಕರ್. ಹೆಸರೇ ಹೇಳುವಂತೆ ನಮ್ಮವರು. ಹುಬ್ಬಳ್ಳಿ ಬಳಿಯ ಅದರಗುಂಚಿಯಲ್ಲಿ 1914ರಲ್ಲಿ ಹುಟ್ಟಿದ ರಾಜಮ್ಮ. ಹುಬ್ಬಳ್ಳಿಯಲ್ಲಿ ಬಾಗಿಲು ಕಾಯುತ್ತಿದ್ದವರು ನಿರ್ದೇಶಕ, ಹುಬ್ಬಳ್ಳಿಯ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು ನಾಯಕಿ, ಸೇರಿದ್ದು ಪುಣೆಯಲ್ಲಿ. ಅನೇಕ ಭಾಷೆಗಳನ್ನು ಬೆರೆಸಿ ಅವರು ಹಾಡಿದ ಹಾಡು ಮಹಾರಾಷ್ಟ್ರದಲ್ಲಿ ಈಗಲೂ ಜೀವಂತ. ನಾಳೆಯ ಚಿಂತೆ ಬಿಡಿ ಎಂಬರ್ಥದ ಆ ಹಾಡಿನ ಹೆಸರನ್ನೇ ಅವರು ತಮ್ಮ ಆತ್ಮಕಥೆಗೆ ಇಟ್ಟರು. ಬದುಕು ಮಾತ್ರ ಹಾಡಿನಷ್ಟು ಹಗುರವಾಗಿರಲಿಲ್ಲ. ಮುಪ್ಪಿನಲ್ಲಿ ಆಶ್ರಮದ ಆಸರೆ ಪಡೆಯಬೇಕಾಯಿತು, 1992ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಅವರ ನೆನಪು ಇನ್ನೂ ಸ್ವಲ್ಪ ಹೆಚ್ಚೇ ಉಳಿಯಬೇಕಿತ್ತು.

ಅಣೆಕಟ್ಟು ಒಡೆದಾಗ

1941ರ 'ಶೇಜಾರಿ' (ಹಿಂದಿಯಲ್ಲಿ 'ಪಡೋಸಿ') ಅವರು ಪ್ರಭಾತ್‌ಗಾಗಿ ಮಾಡಿದ ಕೊನೆಯ ಚಿತ್ರ. ಪಕ್ಕಪಕ್ಕದ ಮನೆಯ ಹಿಂದೂ ಮತ್ತು ಮುಸ್ಲಿಂ ಹಿರಿಯರ ಸ್ನೇಹವನ್ನು, ಊರಿನಲ್ಲಿ ಅಣೆಕಟ್ಟು ಕಟ್ಟಲು ಬಂದ ಧನಿಕ ಒಡೆಯುತ್ತಾನೆ. ಕಡೆಗೆ ಅಣೆಕಟ್ಟೂ ಒಡೆಯುತ್ತದೆ, ಇಬ್ಬರೂ ಕೈ ಹಿಡಿದುಕೊಂಡೇ ನೀರುಪಾಲಾಗುತ್ತಾರೆ. ಮುಸ್ಲಿಂ ಲೀಗ್‌ನ ಲಾಹೋರ್ ನಿರ್ಣಯ ಬಂದಿದ್ದು ಅದರ ಹಿಂದಿನ ವರ್ಷ. ಹಿಂದಿ ಆವೃತ್ತಿಯಲ್ಲಿ ಹಿಂದೂ ಪಾತ್ರವನ್ನು ಮಜಹರ್ ಖಾನ್, ಮುಸ್ಲಿಂ ಪಾತ್ರವನ್ನು ಗಜಾನನ ಜಾಗೀರ್‌ದಾರ್ ಮಾಡಿದರು. ಯಾರೂ ಯಾರನ್ನೂ ಕಾಪಾಡುವುದಿಲ್ಲ. ಮುಂದಿನ ಆರು ವರ್ಷಗಳಲ್ಲಿ ದೇಶದಲ್ಲಿ ಏನಾಯಿತೆಂದು ಗೊತ್ತಿರುವವರಿಗೆ ಆ ಪ್ರವಾಹ ನೋಡುವುದು ಕಷ್ಟ.

ಅಷ್ಟರಲ್ಲಿ ಪಾಲುದಾರರ ನಡುವೆ ಬಿರುಕು ಬಿದ್ದಿತ್ತು. 1942ರಲ್ಲಿ ಶಾಂತಾರಾಂ ಪುಣೆ ಬಿಟ್ಟರು. ಮುಂಬೈನ ಪರೇಲ್‌ನಲ್ಲಿ ವಾಡಿಯಾ ಮೂವಿಟೋನ್ ಇದ್ದ ಜಾಗದಲ್ಲಿ, ಅಂದರೆ ಮುಖವಾಡದ ನಾಡಿಯಾ ಚಾಟಿ ಬೀಸಿದ ಅದೇ ಅಂಗಳದಲ್ಲಿ, ರಾಜ್‌ಕಮಲ್ ಕಲಾಮಂದಿರ ಶುರುವಾಯಿತು. ತಂದೆ ರಾಜಾರಾಂ, ತಾಯಿ ಕಮಲಾ ಅವರ ಹೆಸರು ಸೇರಿಸಿ ಇಟ್ಟ ಹೆಸರದು. 'ಶಕುಂತಲಾ', 'ಡಾ. ಕೋಟ್ನಿಸ್ ಕೀ ಅಮರ್ ಕಹಾನಿ', ವರದಕ್ಷಿಣೆ ನಿಷೇಧ ಕಾಯ್ದೆಗೆ 11 ವರ್ಷ ಮೊದಲೇ ಬಂದ 'ದಹೇಜ್' (1950), ಬಣ್ಣ ಮತ್ತು ನೃತ್ಯದ 'ಝನಕ್ ಝನಕ್' (1955), ಎಲ್ಲ ಅಲ್ಲಿಯವು.

ಒಂದು ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1921ರಲ್ಲಿ ವಿಮಲಾ ಅವರನ್ನು ಮದುವೆಯಾಗಿದ್ದ ಶಾಂತಾರಾಂ, ಆ ಸಂಸಾರ ಇರುವಾಗಲೇ 1941ರಲ್ಲಿ ನಟಿ ಜಯಶ್ರೀ ಅವರನ್ನು ಮದುವೆಯಾದರು. 1956ರಲ್ಲಿ ಜಯಶ್ರೀ ಅವರಿಂದ ವಿಚ್ಛೇದನವಾಗಿ, ಅದೇ ವರ್ಷ ನಟಿ ಸಂಧ್ಯಾ ಅವರೊಂದಿಗೆ ಮೂರನೇ ಮದುವೆ. ಮದುವೆಯೊಳಗೆ ಹೆಣ್ಣಿನ ಹಕ್ಕೇನು ಎಂದು 1937ರಲ್ಲಿ ದೇಶಕ್ಕೆ ಕೇಳಿದವರ ಮನೆಯಲ್ಲೂ ಆ ಪ್ರಶ್ನೆಗೆ ಸುಲಭದ ಉತ್ತರ ಇರಲಿಲ್ಲ. 'ಕುಂಕೂ' ಅದರಿಂದ ಸಣ್ಣ ಸಿನಿಮಾ ಆಗುವುದಿಲ್ಲ, ಅದನ್ನು ಮಾಡಿದವರನ್ನು ಸಂತರೆಂದು ಬರೆಯುವುದು ಮಾತ್ರ ಕಷ್ಟವಾಗುತ್ತದೆ.

ಎರಡು ಕಣ್ಣು, ಆರು ಕೊಲೆಗಾರರು

1957ರ 'ದೋ ಆಂಖೇ ಬಾರಹ್ ಹಾಥ್' ಬಗ್ಗೆ ಕೇಳದವರು ಕಡಿಮೆ. ಜೈಲರ್ ಆದಿನಾಥ್ ಆರು ಮಂದಿ ಕೊಲೆ ಅಪರಾಧಿಗಳನ್ನು ಬೇಡಿ ಇಲ್ಲದೆ, ಗೋಡೆ ಇಲ್ಲದೆ ಬರಡು ಜಮೀನಿಗೆ ಕರೆದೊಯ್ದು ಬೇಸಾಯ ಮಾಡಿಸುತ್ತಾನೆ. ಅವನ ಬಳಿ ಇರುವ ಆಯುಧ ನೋಟ ಒಂದೇ. ಓಡಿಹೋಗಲು ನೋಡಿದವರನ್ನು ಅದೇ ಕಣ್ಣುಗಳು ಹಿಂದಕ್ಕೆ ಎಳೆಯುತ್ತವೆ. 'ಅಮೃತ ಮಂಥನ'ದಲ್ಲಿ ಭಯ ಹುಟ್ಟಿಸಲು ಬಳಸಿದ ಕಣ್ಣಿನ ಕ್ಲೋಸಪ್ 23 ವರ್ಷಗಳ ಬಳಿಕ ನಂಬಿಕೆಯ ಗುರುತಾಗಿ ಬಂತು. ಆದಿನಾಥ್ ಆಗಿ ನಟಿಸಿದ್ದೂ ಶಾಂತಾರಾಂ ಅವರೇ.

ಇದು ಕಟ್ಟುಕಥೆ ಮಾತ್ರ ಆಗಿರಲಿಲ್ಲ. ಪುಣೆಯಿಂದ ದಕ್ಷಿಣಕ್ಕೆ, ಆಗಿನ ಔಂಧ್ ಸಂಸ್ಥಾನದ ಆಟಪಾಡಿ ಬಳಿ (ಈಗಿನ ಸಾಂಗ್ಲಿ ಜಿಲ್ಲೆ) ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಇತ್ತು. ಸೂರ್ಯ ನಮಸ್ಕಾರವನ್ನು ಜನಪ್ರಿಯಗೊಳಿಸಿದ ಔಂಧ್‌ನ ರಾಜ ಭವಾನರಾವ್ ಪಂತ ಪ್ರತಿನಿಧಿ ಅದಕ್ಕೆ ಒಪ್ಪಿಗೆ ಕೊಟ್ಟವರು. ಬೆನ್ನ ಹಿಂದೆ ನಿಂತವರು ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡ್ ಮೂಲದ ಯಹೂದಿ ಇಂಜಿನಿಯರ್. ಈ ಫ್ರೀಡ್‌ಮನ್ ಭಾರತಕ್ಕೆ ಬಂದಿದ್ದು ಮೈಸೂರು ಸರ್ಕಾರದ ಬೆಂಗಳೂರಿನ ವಿದ್ಯುತ್ ಉಪಕರಣ ಕಾರ್ಖಾನೆ ನಡೆಸಲು! ಗಾಂಧಿಯ ಪ್ರಭಾವಕ್ಕೆ ಸಿಕ್ಕಿ ಎಲ್ಲ ಬಿಟ್ಟು ಔಂಧ್‌ಗೆ ಹೋದರು. ಅವರ ಪ್ರಯೋಗವೇ ಈ ಕಥೆಗೆ ಮೂಲ, ಅದನ್ನು ಚಿತ್ರಕ್ಕೆ ಬರೆದವರು ಗ. ದಿ. ಮಾಡಗೂಳ್ಕರ್.

ಚಿತ್ರದಲ್ಲಿ ಕೈದಿಗಳು ಬೆಳೆದ ತರಕಾರಿಯನ್ನು ಕಡಿಮೆ ಬೆಲೆಗೆ ಮಾರುವುದು ಊರಿನ ವ್ಯಾಪಾರಿಗೆ ಸಹಿಸುವುದಿಲ್ಲ. ಅವನ ಕಡೆಯವರು ಹೋರಿಗಳನ್ನು ನುಗ್ಗಿಸುತ್ತಾರೆ. ಆದಿನಾಥ್ ಹೋರಿಯೊಂದಿಗೆ ಸೆಣಸಿ ಪ್ರಾಣ ಬಿಡುತ್ತಾನೆ. ಡ್ಯೂಪ್ ಇಲ್ಲದೆ ಆ ದೃಶ್ಯ ಮಾಡಲು ಹೋಗಿ ಶಾಂತಾರಾಂ ಅವರ ಕಣ್ಣಿಗೆ ತೀವ್ರ ಪೆಟ್ಟು ಬಿತ್ತು. ಸಿನಿಮಾದ ಹೆಸರಿನಲ್ಲೇ ಕಣ್ಣು, ತೆಗೆದವರಿಗೆ ಕಣ್ಣಿಗೇ ಕಟ್ಟು. ಸ್ವಲ್ಪ ಕಾಲ ಕತ್ತಲಲ್ಲಿ ಕಳೆದ ಅವರು ಹೊರಬಂದು ಮಾಡಿದ್ದು ಬಣ್ಣಗಳ ಸಂತೆಯಂತಿರುವ 'ನವರಂಗ್' (1959). 'ದೋ ಆಂಖೇ' ಆ ವರ್ಷದ ಅತ್ಯುತ್ತಮ ಚಿತ್ರವಾಗಿ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು, 1958ರ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಗೆದ್ದಿತು. ಅದರ ಪ್ರಾರ್ಥನಾ ಗೀತೆ ಎಷ್ಟೋ ಶಾಲೆಗಳ ಬೆಳಗಿನ ಸಾಲಿನಲ್ಲಿ ಸೇರಿಹೋಯಿತು.

ಅಪರಾಧಿ ಬದಲಾಗಬಲ್ಲ ಎಂದು ನಂಬುವ ಹೀರೋ ನಮ್ಮ ಇಂದಿನ ಸಿನಿಮಾಗಳಲ್ಲಿ ಎಷ್ಟು ಮಂದಿ ಇದ್ದಾರೆ? ಎನ್‌ಕೌಂಟರ್ ದೃಶ್ಯಕ್ಕೆ ಶಿಳ್ಳೆ ಬೀಳುವ ಥಿಯೇಟರ್‌ನಲ್ಲಿ ಕುಳಿತಾಗೆಲ್ಲ ನನಗೆ ಈ ಜೈಲರ್ ನೆನಪಾಗುತ್ತಾನೆ.

ತನ್ನದೇ ಕೊಲೆಗೆ ಶಿಕ್ಷೆ

'ದಿ ಡಾರ್ಕ್ ನೈಟ್' ಕೊನೆ ನೆನಪಿದೆಯೇ? ಹಾರ್ವಿ ಡೆಂಟ್ ಎಂಬ ಪ್ರಾಸಿಕ್ಯೂಟರ್ ಕೊಲೆಗಾರನಾಗಿದ್ದಾನೆ, ಆದರೆ ಜನರ ನಂಬಿಕೆ ಉಳಿಯಲಿ ಎಂದು ಬ್ಯಾಟ್‌ಮ್ಯಾನ್ ಆ ಪಾಪವನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ಎಂತಹ ಕ್ಲೈಮ್ಯಾಕ್ಸ್ ಎಂದು ನಾವೆಲ್ಲ ಬೆರಗಾದೆವು.

1972ರಲ್ಲಿ, 70ರ ವಯಸ್ಸಿನಲ್ಲಿ, ಶಾಂತಾರಾಂ ಮರಾಠಿಯಲ್ಲಿ 'ಪಿಂಜರಾ' ಮಾಡಿದರು. ಮೂಲ ಜರ್ಮನಿಯ 'ದಿ ಬ್ಲೂ ಏಂಜೆಲ್', ಆದರೆ ನೆಲ ಪೂರ್ತಿ ಮಹಾರಾಷ್ಟ್ರದ ತಮಾಷಾದ್ದು. ಊರಿಗೇ ಆದರ್ಶವಾಗಿದ್ದ ಮೇಷ್ಟ್ರು ತಮಾಷಾ ಕಲಾವಿದೆಯ ಮೋಹಕ್ಕೆ ಬೀಳುತ್ತಾರೆ. ಸತ್ತವನೊಬ್ಬನ ಹೆಣವನ್ನು ಮೇಷ್ಟ್ರದ್ದೆಂದು ಊರು ತಿಳಿಯುತ್ತದೆ. ಮೇಷ್ಟ್ರು ಬೇರೆ ಊರುಗಳಲ್ಲಿ ತಮಾಷಾ ತಂಡದ ಆಳಾಗಿ ಅಲೆಯುತ್ತಾರೆ, ಇತ್ತ ಊರು ಅವರ ಪ್ರತಿಮೆ ನಿಲ್ಲಿಸಿ ಪೂಜಿಸುತ್ತದೆ. ಕೊನೆಗೆ ಅವರು ಸಿಕ್ಕಿಬೀಳುವುದು ಯಾವ ಆರೋಪದಲ್ಲಿ ಗೊತ್ತೇ? ಮೇಷ್ಟ್ರನ್ನು ಕೊಂದ ಆರೋಪದಲ್ಲಿ. ನಾನೇ ಅವನು ಎಂದರೆ ಜೀವ ಉಳಿಯುತ್ತದೆ, ಪ್ರತಿಮೆ ಬೀಳುತ್ತದೆ. ಮೇಷ್ಟ್ರು ಬಾಯಿ ಬಿಡುವುದಿಲ್ಲ. ಆ ಪಾತ್ರ ಮಾಡಿದ ಶ್ರೀರಾಮ್ ಲಾಗೂ ಅವರಿಗೆ, ರಂಗಭೂಮಿಯಿಂದ ಬಂದವರಿಗೆ, ಅದು ತೆರೆಯ ಮೇಲಿನ ದೊಡ್ಡ ಪ್ರವೇಶ. ನಾಯಕಿ ಸಂಧ್ಯಾ.

ಊರಿನ ನಂಬಿಕೆ ಉಳಿಸಲು ಸುಳ್ಳು ಹೇಳುವುದು ನ್ಯಾಯವೇ? ಕೋರ್ಟ್ ಸಾಕ್ಷಿ ಪ್ರಕಾರ ತೀರ್ಪು ಕೊಟ್ಟಿದೆ, ತೀರ್ಪು ಪೂರ್ತಿ ತಪ್ಪು, ಶಿಕ್ಷೆ ಪಡೆಯುವವನಿಗೆ ಮಾತ್ರ ಅದು ಸರಿ. ಈ ಚಿತ್ರದಲ್ಲಿ ಹೀರೋನ ಬಳಿ ಪವಾಡ, ಕತ್ತಿ, ಅಧಿಕಾರ ಇರಲಿ, ತನ್ನ ಹೆಸರೂ ಉಳಿದಿಲ್ಲ.

1985ರಲ್ಲಿ ಶಾಂತಾರಾಂ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. 1990ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಿಧನರಾದರು. ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಪುಣೆಯ ಪ್ರಭಾತ್ ಸ್ಟುಡಿಯೊ 50ರ ದಶಕದಲ್ಲಿ ಮುಚ್ಚಿಹೋಗಿತ್ತು. 1960ರಲ್ಲಿ ಅದೇ ಜಾಗದಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಶಾಲೆಯೇ ಇಂದಿನ ಎಫ್‌ಟಿಐಐ. ಗಿರೀಶ ಕಾರ್ನಾಡರು 70ರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದರು, ಗಿರೀಶ ಕಾಸರವಳ್ಳಿ ಅಲ್ಲೇ ಕಲಿತವರು. ಪಕ್ಕದ ರಸ್ತೆಗೆ ಪ್ರಭಾತ್ ರಸ್ತೆ ಎಂದೇ ಹೆಸರು. ಕ್ಯಾಂಪಸ್ಸಿನಲ್ಲಿ ಒಂದು ಕೊಳವಿದೆ, ವಿದ್ಯಾರ್ಥಿಗಳು ಅದನ್ನು ಶಾಂತಾರಾಂ ಪಾಂಡ್ ಎನ್ನುತ್ತಾರೆ. ಶಾಂತಾ ಆಪ್ಟೆ ಉಪವಾಸ ಕುಳಿತಿದ್ದೂ ಇದೇ ಪ್ರಭಾತ್ ಅಂಗಳದ ಗೇಟಿನ ಮುಂದೆಯೇ.